ಸಹನೆ ಎಂದರೆ ಬಾಯಿ ಮುಚ್ಚಿಕೊಂಡಿರುವುದೇ?

(ಮೇ 1: ಶ್ರಮಿಕ ಸಂತ ಜೋಸೆಫರ ಹಬ್ಬದ ಚಿಂತನೆ)



ಹೂಮಳೆ ಮುಗಿದು, ಕಾಫಿ ಗಿಡಗಳು ಕಾಯಿ ಕಚ್ಚಿ, ನಾವು ಮುಂಗಾರಿಗೆ ಕಾಯುವ ಹೊತ್ತಿಗೆ ಈ ಹಬ್ಬ ಬರುತ್ತದೆ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಇದನ್ನು ಮೇ 1ಕ್ಕೇ ಇಟ್ಟರು. ಅದು ಜಗತ್ತಿನ ಕಾರ್ಮಿಕರು ತಮ್ಮ ಹಕ್ಕು ಕೇಳುವ ದಿನ. ನಜರೇತಿನ ಬಡಗಿಯನ್ನು ಅದೇ ದಿನ ನೆನೆಯಬೇಕೆಂದು ಧರ್ಮಸಭೆ ಬಯಸಿತು. ದುಡಿಯುವ ಜಾಗವೂ ದೇವರಿಗೆ ಸೇರಿದ್ದು ಎಂಬುದೇ ಇದರ ಅರ್ಥ.

ದುಡಿಮೆಯ ಕಷ್ಟವನ್ನು ಹೆಗ್ಗದ್ದೆ, ಸಕಲೇಶಪುರ, ಆಲೂರಿನ ಜನರಿಗೆ ಯಾರೂ ವಿವರಿಸಬೇಕಿಲ್ಲ. ಮಳೆಗಾಲದ ಇಂಬಳ, ಕುಯ್ಲಿನ ಕಾಲದಲ್ಲಿ ಇಳಿಜಾರಿನಲ್ಲಿ ಹೊರುವ ಮೂಟೆ, ಮುಂಜಾನೆ ತೋಟಕ್ಕೆ ಹೊರಟಾಗ ಆನೆ ಎಲ್ಲಿದೆಯೋ ಎಂಬ ಭಯ, ಇವೆಲ್ಲವನ್ನೂ ಹೇಗೋ ತಾಳಿಕೊಳ್ಳುತ್ತೇವೆ. ತಾಳಲಾಗದ್ದು ಮನುಷ್ಯರಿಂದ ಬರುವ ನೋವು. ಕುಯ್ದ ಹಣ್ಣಿನ ತೂಕದಲ್ಲಿ ಕಡಿತ, ಎಲ್ಲರೆದುರು ಬೈಗುಳ, ಹೇಳಿದ ದಿನಕ್ಕೆ ಕೈಸೇರದ ಕೂಲಿ. ಬೆಂಗಳೂರಿಗೆ ಹೋದ ನಮ್ಮ ಮಕ್ಕಳು ಗಾರ್ಮೆಂಟ್ಸುಗಳಲ್ಲಿ, ಕಚೇರಿಗಳಲ್ಲಿ ಇದನ್ನೇ ಬೇರೆ ರೂಪದಲ್ಲಿ ಉಣ್ಣುತ್ತಾರೆ. ಆಗ ನಾವು ಅವರಿಗೆ ಹೇಳುವುದು ಒಂದೇ ಮಾತು: "ಯೇಸುಸ್ವಾಮಿ ಶಿಲುಬೆ ಹೊರಲಿಲ್ಲವೇ? ನೀನೂ ಸಹಿಸಿಕೋ." ಈ ಮಾತು ನಿಜ, ಆದರೆ ಅರ್ಧ ನಿಜ.

ಉಳಿದರ್ಧ ಸಂತ ಯೊವಾನ್ನರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿದೆ. ಪ್ರಧಾನ ಯಾಜಕನ ಮನೆಯಲ್ಲಿ ಒಬ್ಬ ಕಾವಲುಗಾರ ಯೇಸುಸ್ವಾಮಿಯ ಕೆನ್ನೆಗೆ ಹೊಡೆದ. ಅವರು ತಿರುಗಿ ಹೊಡೆಯಲಿಲ್ಲ, ಶಪಿಸಲಿಲ್ಲ. ಸುಮ್ಮನೆಯೂ ಇರಲಿಲ್ಲ. ನನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಏಕೆ ಹೊಡೆಯುವೆ ಎಂದು ಕೇಳಿದರು. ಇದು ಕ್ರೈಸ್ತ ಸಹನೆ. ಅದರಲ್ಲಿ ದ್ವೇಷವಿಲ್ಲ, ಆದರೆ ಪ್ರಶ್ನೆ ಇದೆ.

ಹಳೆಯ ಒಡಂಬಡಿಕೆಯ ಯಕೋಬನನ್ನೂ ನೋಡೋಣ. ಸೋದರಮಾವ ಲಾಬಾನನ ಬಳಿ ಅವನು ಇಪ್ಪತ್ತು ವರ್ಷ ದುಡಿದ. ಹಗಲು ಬಿಸಿಲು, ರಾತ್ರಿ ಚಳಿ. ಮಾವ ಅವನ ಕೂಲಿಯನ್ನು ಹತ್ತು ಸಲ ಬದಲಿಸಿದನೆಂದು ಆದಿಕಾಂಡ ಹೇಳುತ್ತದೆ. ಯಕೋಬ ಕೆಲಸದಲ್ಲಿ ಮೋಸ ಮಾಡಲಿಲ್ಲ, ಮಾವ ಮಾಡಿದ್ದನ್ನು ಮರೆಮಾಚಲೂ ಇಲ್ಲ, ಮುಖಾಮುಖಿ ಹೇಳಿದ. ದೇವರ ಮಾತಿನಂತೆ ಆ ಕೆಲಸ ಬಿಟ್ಟು ಹೊರಟ. ಬಿಡುವುದು ಕೂಡ ಕೆಲವೊಮ್ಮೆ ವಿಶ್ವಾಸದ ಹೆಜ್ಜೆಯೇ.

ಹಾಗಾದರೆ ಕೆಲಸ ಬಿಡಲಾಗದವರಿಗೆ, ಮನೆ ನಡೆಸಬೇಕಾದವರಿಗೆ ವಿಶ್ವಾಸ ಏನು ಕೊಡುತ್ತದೆ?

ಮೊದಲನೆಯದು, ನಮ್ಮ ಬೆಲೆ ಎಷ್ಟೆಂದು ತಿಳಿಸುತ್ತದೆ. ಕೆಲಸವನ್ನು ಪ್ರಭುವಿಗಾಗಿ ಎಂಬಂತೆ ಮಾಡಿರಿ ಎಂದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದರು. ಅವರು ಹೀಗೆ ಬರೆದದ್ದು ಗುಲಾಮರಿಗೆ. ಮೇಲಿನವನು ಮೆಚ್ಚಲಿ, ಬೈಯಲಿ, ನಮ್ಮ ಬೆಲೆ ಅವನ ನಾಲಿಗೆಯ ಮೇಲಿಲ್ಲ. ಬೆಳಿಗ್ಗೆ ಶಿಲುಬೆಯ ಗುರುತು ಹಾಕಿಕೊಂಡು, ನಮ್ಮನ್ನು ನೋಯಿಸುವವರ ಹೆಸರನ್ನೂ ಪ್ರಾರ್ಥನೆಯಲ್ಲಿ ಸೇರಿಸಿ ಹೊರಡೋಣ. ಅವರು ಬದಲಾಗದಿದ್ದರೂ ಅವರ ಮೇಲಿನ ಸಿಟ್ಟು ನಮ್ಮನ್ನು ಆಳದಂತೆ ಅದು ಕಾಯುತ್ತದೆ.

ಎರಡನೆಯದು, ಸಿಟ್ಟು ಇಳಿಸಲು ಜಾಗ ಕೊಡುತ್ತದೆ. ತೋಟದಲ್ಲಿ ನುಂಗಿದ ಅವಮಾನ ಸಂಜೆ ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಹರಿಯುತ್ತದೆ, ಇಲ್ಲವೇ ಕುಡಿತದಲ್ಲಿ ಕರಗುತ್ತದೆ. ಅದನ್ನು ಬಲಿಪೀಠದ ಮುಂದೆ ಇಡೋಣ. ಕಾಣಿಕೆಯ ಸಮಯದಲ್ಲಿ ಅರ್ಪಿಸುವ ರೊಟ್ಟಿ ಮನುಷ್ಯರ ದುಡಿಮೆಯಿಂದ ಬಂದದ್ದು. ವಾರದ ನೋವೂ ಅದರ ಜೊತೆ ಮೇಲೇರಲಿ.

ಮೂರನೆಯದು, ಒಂಟಿಯಾಗಿ ಬಿಡುವುದಿಲ್ಲ. ತಪ್ಪಿತಸ್ಥನ ಬಳಿ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗು ಎಂಬ ದಾರಿಯನ್ನು ಪ್ರಭು ತೋರಿಸಿದರು. ತೂಕದ ವಿಷಯವಾಗಲಿ, ಕೂಲಿಯ ವಿಷಯವಾಗಲಿ, ಮೊದಲು ಮರ್ಯಾದೆಯಿಂದ ಕೇಳೋಣ, ಆಮೇಲೆ ಜೊತೆಯಾಗಿ ಕೇಳೋಣ. ಆಗಲೂ ಆಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗುವುದು ಪಾಪವಲ್ಲ. ದೊಡ್ಡ ತೋಟಗಳಲ್ಲಿ ಕುಡಿಯುವ ನೀರು, ವಸತಿ, ವೈದ್ಯಕೀಯ ನೆರವು ಧಣಿಯ ಕೃಪೆಯಲ್ಲ, ಅವರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಹೆಣ್ಣುಮಕ್ಕಳ ಮೇಲಿನ ಕೈ, ಕೆಟ್ಟ ಮಾತು ಸಹಿಸುವ ವಿಷಯವೇ ಅಲ್ಲ. 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ದೂರು ಕೇಳುವ ಸಮಿತಿ ಇರಬೇಕು. ಅದಿಲ್ಲದ ಕಡೆಯವರಿಗೆ ಜಿಲ್ಲೆಯ ಸಮಿತಿ ಇದೆ.

ಇದು ಹೊಸ ಬೋಧನೆಯೇನಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಮ್ ನೋವಾರುಮ್' ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಗಾಗಿ, ಕಾರ್ಮಿಕರು ಸಂಘ ಕಟ್ಟುವ ಹಕ್ಕಿಗಾಗಿ ದನಿಯೆತ್ತಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ ಆ ಪತ್ರವನ್ನೇ ನೆನೆದರು.

ಕೊನೆಗೊಂದು ಮಾತು. ನಮ್ಮ ದೇವಾಲಯಗಳಲ್ಲಿ ಕೂಲಿಯವರ ಪಕ್ಕದಲ್ಲೇ ಮೇಸ್ತ್ರಿ, ರೈಟರ್, ಧಣಿಗಳೂ ಮೊಣಕಾಲೂರುತ್ತಾರೆ. ತಡೆಹಿಡಿದ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆ ಎಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ನಮ್ಮ ಕೈಕೆಳಗೆ ಒಬ್ಬರೇ ದುಡಿಯುತ್ತಿರಲಿ, ಅವರಿಗೆ ನಾವು ಲಾಬಾನರಾಗದಿರೋಣ.

ಶ್ರಮಿಕ ಸಂತ ಜೋಸೆಫರು ನಮ್ಮ ಕೈಗಳಿಗೆ ಬಲವನ್ನೂ, ನಾಲಿಗೆಗೆ ಸತ್ಯವನ್ನೂ, ಹೃದಯಕ್ಕೆ ಶಾಂತಿಯನ್ನೂ ಬೇಡಿ ಕೊಡಲಿ. ಆಮೆನ್.