ಕುದುರೆಗಳ ನಿತ್ಯಪಾಲನೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಕಲಬುರಗಿ ರೈಲು ನಿಲ್ದಾಣದಲ್ಲಿ ಇಳಿದವರನ್ನು ಒಂದು ಕಾಲಕ್ಕೆ ಊರೊಳಗೆ ಒಯ್ಯುತ್ತಿದ್ದ ಸ್ಟೇಶನ್ ಬಜಾರದ ಟಾಂಗಾಗಳ ಸ್ಥಾನವನ್ನು ಇಂದು ಆಟೋಗಳು ಪಡೆದಿವೆ. ಆದರೂ ಮದುವೆಯ ಮೆರವಣಿಗೆ ಹಾಗೂ ಸರಕಿನ ಬಂಡಿಗಾಗಿ ಕುದುರೆ ಸಾಕಿ ಜೀವಿಸುವ ಕುಟುಂಬಗಳಿವೆ. ಕುದುರೆ ಹಾಸಿಗೆ ಹಿಡಿದರೆ ಆ ಮನೆಯ ದುಡಿಮೆಯೇ ನಿಲ್ಲುತ್ತದೆ. ಅದರ ಕೆಲವು ರೋಗಗಳು ಮನುಷ್ಯರಿಗೂ ತಗಲುತ್ತವೆ. ಆದ್ದರಿಂದ ಕೆಳಗಿನ ಅಂಶಗಳನ್ನು ಸದಸ್ಯರು ತಮ್ಮ ಕ್ಷೇತ್ರದ ಕುದುರೆ ಮಾಲೀಕರಿಗೆ ಮನವರಿಕೆ ಮಾಡಿಕೊಡುವುದು ಅವಶ್ಯ.

ಮೇವು ಮತ್ತು ನೀರು: ಕುದುರೆಯ ಜಠರ ಚಿಕ್ಕದು; ಅದಕ್ಕೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ. ಒಮ್ಮೆಲೇ ಹೆಚ್ಚು ಕಾಳು ತಿನ್ನಿಸಿದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಹುಲ್ಲು ಮುಖ್ಯ ಆಹಾರವಾಗಿರಲಿ. ಕಾಳನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಬೂಸಲು ಹಿಡಿದ ಮೇವು ಬೇಡ. ದಿನಕ್ಕೆ 25ರಿಂದ 40 ಲೀಟರ್ ಶುದ್ಧ ನೀರು ಬೇಕು. ಬೇಸಿಗೆಯಲ್ಲಿ ದುಡಿಯುವ ಕುದುರೆಗೆ ಇನ್ನೂ ಹೆಚ್ಚು. ಕುದುರೆ ಪದೇ ಪದೇ ಹೊಟ್ಟೆಯತ್ತ ತಿರುಗಿ ನೋಡುವುದು, ನೆಲ ಕೆರೆಯುವುದು, ಹೊರಳಾಡುವುದು ಶೂಲೆಯ ಲಕ್ಷಣಗಳು. ಆಗ ಮನೆಮದ್ದು ಕುಡಿಸದೆ ತಕ್ಷಣ ಪಶುವೈದ್ಯರನ್ನು ಕರೆಸಬೇಕು.

ಗೊರಸು ಮತ್ತು ಗಾಯ: ಪ್ರತಿದಿನ ಗೊರಸಿನೊಳಗಿನ ಕಲ್ಲು, ಸಗಣಿ ತೆಗೆಯಬೇಕು. ಸುಮಾರು 6 ವಾರಗಳಿಗೊಮ್ಮೆ ಗೊರಸು ಸವರಿ ಲಾಳ ಬದಲಿಸಬೇಕು. ಮೊಳೆ ಚುಚ್ಚಿದ ಚಿಕ್ಕ ಗಾಯದಿಂದಲೂ ಧನುರ್ವಾಯು ಬರಬಹುದು. ಅದರ ಲಸಿಕೆಯನ್ನು ತಪ್ಪಿಸಬಾರದು.

ಬಿಸಿಲು ಮತ್ತು ದುಡಿಮೆ: 1965ರ ಕೇಂದ್ರ ನಿಯಮಗಳ ಪ್ರಕಾರ, ಬಂಡಿ ಎಳೆಯುವ ಅಥವಾ ಹೊರೆ ಹೊರುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರಿದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ನಮ್ಮ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಈ ನಿಯಮ ನೇರವಾಗಿ ಅನ್ವಯಿಸುತ್ತದೆ.

ಗ್ಲ್ಯಾಂಡರ್ಸ್ ರೋಗ: ಮೂಗಿನಿಂದ ಅಂಟಾದ ಕೀವು, ಜ್ವರ, ಚರ್ಮದ ಮೇಲೆ ಒಡೆಯುವ ಗಂಟುಗಳು ಇದರ ಲಕ್ಷಣಗಳು. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ ಈ ರೋಗ ಮನುಷ್ಯರಿಗೂ ಮಾರಕ. ಇದಕ್ಕೆ ಲಸಿಕೆ ಇಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆಯಡಿ ಶಂಕೆ ಬಂದೊಡನೆ ವರದಿ ಮಾಡುವುದು ಕಡ್ಡಾಯ. ಮಾಲೀಕರು ಗ್ರಾಮ ಪಂಚಾಯತಿಗೆ ತಿಳಿಸಿದಾಗ, ಪಂಚಾಯತಿಯು ಹತ್ತಿರದ ಪಶುವೈದ್ಯರಿಗೆ ಲಿಖಿತವಾಗಿ ತಿಳಿಸಬೇಕು. ಅಂಥ ಪ್ರಾಣಿಯನ್ನು ಬೇರೆಯಾಗಿ ಕಟ್ಟಬೇಕು. ಸಾರ್ವಜನಿಕ ತೊಟ್ಟಿ, ಕೆರೆಯಲ್ಲಿ ನೀರು ಕುಡಿಸಬಾರದು. ರೋಗ ದೃಢಪಟ್ಟರೆ ಪ್ರಾಣಿಯನ್ನು ಕಳೆದುಕೊಳ್ಳುವ ಭಯದಿಂದ ಮಾಲೀಕರು ಮುಚ್ಚಿಡುವ ಸಾಧ್ಯತೆಯುಂಟು. ಸರ್ಕಾರದ ಪರಿಹಾರಕ್ಕೆ ಅವಕಾಶವಿದೆಯೆಂದು ಅವರಿಗೆ ತಿಳಿಹೇಳುವುದು ಸದಸ್ಯರ ಕರ್ತವ್ಯ.

ಪಂಚಾಯತಿಗಳು ಬೇಸಿಗೆಗೆ ಮುನ್ನ ನೀರಿನ ತೊಟ್ಟಿ, ನೆರಳಿನ ವ್ಯವಸ್ಥೆ ಮಾಡುವುದು, ಕುದುರೆ ಮಾಲೀಕರ ಪಟ್ಟಿ ಇಡುವುದು, ಜಾತ್ರೆ, ಉರುಸುಗಳಿಗೆ ಪ್ರಾಣಿಗಳು ಸೇರುವ ಮುನ್ನ ಪಶುವೈದ್ಯರಿಂದ ತಪಾಸಣೆ ಏರ್ಪಡಿಸುವುದು ಸೂಕ್ತ. ತುರ್ತು ಚಿಕಿತ್ಸೆಗೆ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡುವಂತೆ ಎಲ್ಲರಿಗೂ ತಿಳಿಸತಕ್ಕದ್ದು.