ಶರದೃತು ಮತ್ತು ಶಾಲೆಯ ಮಕ್ಕಳು

‘ಶರತ್ಕಾಲ ಎಂದರೇನು?’ ಎಂದು ಪ್ರಾಥಮಿಕ ಶಾಲೆಯ ಮಗುವನ್ನು ಕೇಳಿದರೆ, ‘ಮರಗಳ ಎಲೆ ಉದುರುವ ಕಾಲ’ ಎಂಬ ಉತ್ತರ ಥಟ್ಟನೆ ಬರುವುದುಂಟು. ಆ ಮಗು ಕುಳಿತಿರುವ ಕೊಠಡಿಯ ಕಿಟಕಿಯಾಚೆ ಅದೇ ಹೊತ್ತಿನಲ್ಲಿ ಹೊಂಗೆಯೂ ಬೇವೂ ದಟ್ಟ ಹಸುರಾಗಿ ನಿಂತಿರುತ್ತವೆ. ಬೇಲಿಯ ಆ ಬದಿಯ ಹೊಲದಲ್ಲಿ ರಾಗಿ ತೆನೆಗಟ್ಟುತ್ತಿರುತ್ತದೆ. ಹುಚ್ಚೆಳ್ಳಿನ ಸಾಲು ಹಳದಿ ಹೂ ಬಿಡಲು ತೊಡಗಿರುತ್ತದೆ. ಆದರೂ ಉತ್ತರಕ್ಕಾಗಿ ಮಗು ಕಿಟಕಿಯ ಕಡೆಗೆ ನೋಡುವುದಿಲ್ಲ. ಪುಸ್ತಕದ ಕಡೆಗೆ ನೋಡುತ್ತದೆ. ತನ್ನ ಕಣ್ಣು ಕಂಡದ್ದಕ್ಕಿಂತ ಅಚ್ಚಾದ ಮಾತೇ ಹೆಚ್ಚು ನಿಜವೆಂಬ ನಂಬಿಕೆ ಎಂಟು ವರ್ಷದ ವಯಸ್ಸಿನಲ್ಲೇ ಬೇರೂರಿದರೆ, ಅದನ್ನು ಮುಂದೆ ಕೀಳುವುದು ಕಷ್ಟ. ಶರದೃತುವಿನ ಆರಂಭದ ಕೆಲವು ವಾರಗಳು ಈ ನಂಬಿಕೆಯನ್ನು ತಿದ್ದಲು ಶಾಲೆಗೆ ದೊರೆಯುವ ಒಳ್ಳೆಯ ಅವಕಾಶವೆಂದು ನಾನು ತಿಳಿದಿದ್ದೇನೆ.

ತೊಡಕಿನ ಮೂಲ ಭಾಷಾಂತರದಲ್ಲಿದೆ. ಇಂಗ್ಲಿಷಿನ ‘ಆಟಮ್’ ಎಂಬ ಶಬ್ದಕ್ಕೆ ನಾವು ‘ಶರತ್ಕಾಲ’ವನ್ನು ಸಮಾನಪದವಾಗಿ ಬಳಸುತ್ತ ಬಂದಿದ್ದೇವೆ. ತಿಂಗಳುಗಳೇನೋ ಹೆಚ್ಚು ಕಡಿಮೆ ಹೊಂದಿಕೊಳ್ಳುತ್ತವೆ. ಚಿತ್ರ ಮಾತ್ರ ಹೊಂದುವುದಿಲ್ಲ. ನಮ್ಮ ಪ್ರಾಚೀನ ಕವಿಗಳ ಶರತ್ತು ನೀರು ತಿಳಿಯಾಗುವ, ಆಗಸ ತೊಳೆದಂತಾಗುವ, ಬೆಳದಿಂಗಳು ಕಳೆಗಟ್ಟುವ ಕಾಲ. ‘ಋತುಸಂಹಾರ’ದ ಮೂರನೆಯ ಸರ್ಗವನ್ನು ಓದಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಈ ಚಿತ್ರವನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಮಂಗಳೂರಿನಲ್ಲಿ ಮಳೆಯ ಅಬ್ಬರ ಜೂನ್, ಜುಲೈ ತಿಂಗಳುಗಳದು. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚಿನ ಮಳೆ ಸಾಮಾನ್ಯವಾಗಿ ಬೀಳುವುದು ಸೆಪ್ಟೆಂಬರಿನಲ್ಲಿ. ಕರಾವಳಿಯ ಮಗುವಿಗೆ ಮಳೆಗಾಲ ಹಿಂದೆ ಸರಿಯುತ್ತಿರುವಾಗ, ಬಯಲುಸೀಮೆಯ ಮಗು ಸಂಜೆಯ ಗುಡುಗುಮಳೆಯಲ್ಲಿ ನೆನೆಯುತ್ತ ಮನೆ ಸೇರುತ್ತದೆ. ಒಂದೇ ನಾಡಿನ ಎರಡು ಶಾಲೆಗಳಿಗೆ ಒಂದೇ ಋತುವರ್ಣನೆ ಸಾಲದು.

ಹಾಗಾದರೆ ಮಾಡತಕ್ಕದ್ದೇನು? ಅಡಿಯಿಂದ ಬಾಯಿಯವರೆಗೆ ಒಂದೇ ಅಗಲವಿರುವ ಒಂದು ತಗಡಿನ ಡಬ್ಬಿಯನ್ನು ಅಂಗಳದ ಬಯಲಿನಲ್ಲಿ ಇಡುವುದು. ಪ್ರತಿದಿನ ಬೆಳಿಗ್ಗೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು, ಗೋಡೆಯ ಮೇಲಿನ ಕಾಗದದಲ್ಲಿ ಬರೆದು, ನೀರನ್ನು ಚೆಲ್ಲುವುದು. ಮೂರನೆಯ ತರಗತಿಯ ಮಗುವಿಗೆ ಇದು ಸಾಧ್ಯ. ದಸರಾ ರಜೆ ಬರುವ ಹೊತ್ತಿಗೆ ತನ್ನ ಊರಿನ ಶರತ್ತು ಒದ್ದೆಯೋ ಒಣವೋ ಎಂಬುದನ್ನು ಆ ಮಗು ತನ್ನ ಕೈಬರಹದ ಆಧಾರದಿಂದಲೇ ಹೇಳಬಲ್ಲದು.

ಎಲೆ ಉದುರುವ ವಿಷಯವನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಸರಿಯಾದ ಸ್ಥಳದಲ್ಲಿಟ್ಟು ಕಲಿಸಬೇಕು. ಲಂಡನ್ನಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಎಂಟೂವರೆ ಗಂಟೆಗೂ ಮೀರಿದ ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ಇದು ಸುಮಾರು ಒಂದೂವರೆ ಗಂಟೆ ಮಾತ್ರ. ಅಲ್ಲಿನ ಅನೇಕ ಮರಗಳು ಹಗಲು ಕುಗ್ಗಿ ಚಳಿ ಏರಿದಂತೆ ಎಲೆಯ ಹಸಿರನ್ನು ಕರಗಿಸಿ ಅದರ ಸಾರವನ್ನು ಒಳಗೆಳೆದುಕೊಳ್ಳುತ್ತವೆ. ಹಸಿರು ಹೋದಾಗ, ಮೊದಲೇ ಎಲೆಯಲ್ಲಿ ಅಡಗಿದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಕೆಲವು ಮರಗಳಲ್ಲಿ ಕೆಂಪು ಬಣ್ಣ ಹೊಸದಾಗಿಯೇ ತಯಾರಾಗುತ್ತದೆ. ಹೆಪ್ಪುಗಟ್ಟಿದ ನೆಲದಿಂದ ಬೇರು ನೀರನ್ನು ಹೀರಲಾರದು. ಎಲೆಯಿದ್ದರೆ ನೀರು ಆವಿಯಾಗಿ ಹೋಗುತ್ತದೆ. ನಮ್ಮ ಬೂರುಗ, ಮುತ್ತುಗ, ತೇಗಗಳೂ ಎಲೆ ಕಳಚುತ್ತವೆ. ಆದರೆ ಬಹುಮಟ್ಟಿಗೆ ಶಿಶಿರದ ಸುಮಾರಿಗೆ, ಮಳೆ ನಿಂತು ನೆಲ ಒಣಗಿದ ಮೇಲೆ. ಅಲ್ಲಿ ಚಳಿ, ಇಲ್ಲಿ ಬರ. ಎರಡೂ ಕಡೆ ನೀರಿನ ಅಭಾವವನ್ನು ಎದುರಿಸುವ ಉಪಾಯ ಒಂದೇ. ಹೀಗೆ ಹೇಳಿದಾಗ ಪರದೇಶದ ಚಿತ್ರವೂ ಮಗುವಿಗೆ ಸುಳ್ಳಾಗುವುದಿಲ್ಲ, ಸ್ವಂತ ಊರೂ ತಪ್ಪಾಗುವುದಿಲ್ಲ.

ಈ ವಾರಗಳಲ್ಲಿ ಮಕ್ಕಳು ಎದುರುನೋಡಬಹುದಾದ ಅತಿಥಿಗಳೂ ಇದ್ದಾರೆ. ಹಿಮಾಲಯದಲ್ಲಿ ಮತ್ತು ಅದಕ್ಕೂ ಉತ್ತರದ ನಾಡುಗಳಲ್ಲಿ ಗೂಡು ಕಟ್ಟುವ ಬೂದು ಕುಂಡೆಕುಸ್ಕ ಸೆಪ್ಟೆಂಬರಿನ ಸುಮಾರಿಗೆ ನಮ್ಮ ತೊರೆಗಳ ಬಳಿಗೆ ಬಂದಿಳಿದು ಬಾಲ ಕುಣಿಸುತ್ತ ಓಡಾಡುತ್ತದೆ. ಅದನ್ನು ಮೊದಲು ಕಂಡವರ ಹೆಸರನ್ನೂ ದಿನಾಂಕವನ್ನೂ ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟರೆ ತರಗತಿಗೆಲ್ಲ ಕಣ್ಣು ಬರುತ್ತದೆ. ಮಕ್ಕಳು ‘ಏರೋಪ್ಲೇನ್ ಚಿಟ್ಟೆ’ ಎಂದು ಕರೆಯುವ ಕೀಟಗಳು ಆಟದ ಬಯಲಿನ ಮೇಲೆ ಗುಂಪುಗುಂಪಾಗಿ ತೇಲುವುದೂ ಮಳೆಗಾಲದ ಈ ಕೊನೆಯ ಭಾಗದಲ್ಲಿಯೇ. ಇವುಗಳಲ್ಲಿ ಒಂದು ಜಾತಿಯವು ಸಮುದ್ರದ ಮೇಲೆ ಹಾರಿ ಮಾಲ್ಡೀವ್ಸ್ ದ್ವೀಪಗಳ ಮಾರ್ಗವಾಗಿ ಆಫ್ರಿಕದವರೆಗೂ ಹೋಗುತ್ತವೆಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞರು 2009ರಲ್ಲಿ ಪ್ರತಿಪಾದಿಸಿದರು. ಅದರ ಬಾಲಕ್ಕೆ ದಾರ ಕಟ್ಟಲು ಹೊರಟ ಹುಡುಗನಿಗೆ ಗದರಿಕೆಗಿಂತ ಈ ಒಂದು ಸಂಗತಿ ಹೆಚ್ಚು ಪರಿಣಾಮ ಮಾಡೀತು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ನೆರಳಿನ ಪಾಠ. ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹನ್ನೆರಡರಿಂದ ಹನ್ನೆರಡೂವರೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸಿದರೆ, ಅತಿ ಗಿಡ್ಡವಾದದ್ದೇ ನಡುಹಗಲಿನ ನೆರಳು. ಬೆಂಗಳೂರಿನಲ್ಲಿ ಜೂನ್ 21ರ ನಡುಹಗಲಿನಲ್ಲಿ ಈ ನೆರಳು ಸುಮಾರು 18 ಸೆಂಟಿಮೀಟರ್ ಉದ್ದವಿದ್ದು ದಕ್ಷಿಣಕ್ಕೆ ಬೀಳುತ್ತದೆ. ಆಗಸ್ಟ್ 18ರ ಸುಮಾರಿಗೆ ಸೂರ್ಯನು ನೆತ್ತಿಯ ಮೇಲೆಯೇ ಬಂದು ನೆರಳು ಕೋಲಿನ ಬುಡದಲ್ಲಿ ಅಡಗುತ್ತದೆ. ಆಮೇಲೆ ಅದು ಉತ್ತರಕ್ಕೆ ತಿರುಗುತ್ತದೆ. ಸೆಪ್ಟೆಂಬರ್ 23ರ ಸಮರಾತ್ರಿಯ ದಿನಕ್ಕೆ 23 ಸೆಂಟಿಮೀಟರ್, ಡಿಸೆಂಬರ್ 22ಕ್ಕೆ ಸುಮಾರು 74 ಸೆಂಟಿಮೀಟರ್. ನಡುಹಗಲಿನ ಸೂರ್ಯ ಸದಾ ನೆತ್ತಿಯ ಮೇಲಿರುತ್ತಾನೆಂದು ಬಾಯಿಪಾಠ ಮಾಡಿದ ಮಗು, ಇಡೀ ವರ್ಷದಲ್ಲಿ ಎರಡೇ ದಿನ ಹಾಗಾಗುತ್ತದೆಂಬುದನ್ನು ಕಾಣುತ್ತದೆ. ಮೋಡ ಮುಸುಕಿದ ದಿನಗಳು ಎಷ್ಟೋ ತಪ್ಪಿಹೋಗಲಿ, ಉಳಿದವೇ ಸಾಕು.

ಇದನ್ನೇ ಸ್ವಲ್ಪ ವಿಸ್ತರಿಸಬಹುದು. ಸಮರಾತ್ರಿಯ ನಡುಹಗಲಿನಲ್ಲಿ ಮೈಸೂರಿನ ಶಾಲೆಯೊಂದರ ಕೋಲಿನ ನೆರಳು ಸುಮಾರು 22 ಸೆಂಟಿಮೀಟರ್, ಬೀದರಿನದು 32. ಅಳತೆಗೆ ಸರಿಯಾಗಿ ತ್ರಿಕೋನ ಬರೆದು ಕೋನಮಾಪಕದಿಂದ ನೋಡಿದರೆ ಎರಡು ಊರುಗಳ ಸೂರ್ಯಕೋನಕ್ಕೆ ಐದೂವರೆ ಡಿಗ್ರಿಗಿಂತ ತುಸು ಹೆಚ್ಚಿನ ಅಂತರ ಸಿಗುತ್ತದೆ. ಅವುಗಳ ನಡುವೆ ದಕ್ಷಿಣೋತ್ತರ ದೂರ ಸುಮಾರು 620 ಕಿಲೋಮೀಟರ್. ಮುನ್ನೂರ ಅರವತ್ತು ಡಿಗ್ರಿಗೆ ಎಷ್ಟಾಯಿತೆಂದು ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರಿನ ಆಸುಪಾಸಿಗೆ ಬರುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಎರಟೊಸ್ಥೆನೀಸನು ಈಜಿಪ್ಟಿನ ನೆಲದ ನೆರಳುಗಳಿಂದ ಮಾಡಿದ ಲೆಕ್ಕದ ತತ್ತ್ವವೂ ಇದೇ. ಏಳನೆಯ ತರಗತಿಯ ಮಕ್ಕಳು ಎರಡು ಪತ್ರಗಳ ವಿನಿಮಯದಿಂದ ಇದನ್ನು ಸಾಧಿಸಬಹುದು.

ಪಾಠ್ಯಭಾಗಗಳನ್ನು ಮುಗಿಸುವುದು ಯಾವಾಗ ಎಂಬ ಆಕ್ಷೇಪಣೆ ಸಹಜ. ಒಬ್ಬರೇ ಉಪಾಧ್ಯಾಯರು ಎರಡು ಮೂರು ತರಗತಿಗಳನ್ನು ನಡೆಸಬೇಕಾದ ಶಾಲೆಗಳು ನಮ್ಮಲ್ಲಿವೆ. ಅವರ ಹೊರೆಯನ್ನು ಹಗುರವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಅಂಥ ಕೊಠಡಿಗಳಲ್ಲಿಯೇ ಚಟುವಟಿಕೆಯ ಮೂಲಕ ಕಲಿಸುವ ‘ನಲಿ–ಕಲಿ’ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ರೂಪುಗೊಂಡಿತೆಂಬುದನ್ನು ಮರೆಯಬಾರದು. ಮಳೆಯ ಡಬ್ಬಿಯೂ ನೆರಳಿನ ಕೋಲೂ ಗಣಿತದ ಅವಧಿಯನ್ನು ಕಸಿದುಕೊಳ್ಳುವುದಿಲ್ಲ, ಅವೇ ಗಣಿತ.

ರವೀಂದ್ರನಾಥ ಠಾಕೂರರು ತಮ್ಮ ಶಾಂತಿನಿಕೇತನದ ಮಕ್ಕಳು ಆಡಲೆಂದು 1908ರಲ್ಲಿ ‘ಶಾರದೋತ್ಸವ’ ಎಂಬ ನಾಟಕವನ್ನು ಬರೆದರು. ಅದರಲ್ಲಿ ಹುಡುಗರೆಲ್ಲ ರಜೆಯ ಸಂಭ್ರಮದಲ್ಲಿರುವಾಗ ಒಬ್ಬ ಬಾಲಕ ಮಾತ್ರ ಕುಳಿತು ಹಸ್ತಪ್ರತಿ ನಕಲು ಮಾಡುತ್ತಾನೆ. ಗತಿಸಿದ ತನ್ನ ಗುರುವಿನ ಸಾಲವನ್ನು ತೀರಿಸಬೇಕಾಗಿದೆ. ಶರತ್ತಿನ ಚೆಲುವೂ ಅಂಥದೇ ಋಣಸಂದಾಯವೆಂದು, ಪಡೆದುದನ್ನು ಪ್ರಕೃತಿ ಹೊಲ ಹೊಳೆಗಳಲ್ಲಿ ತುಂಬಿ ಹಿಂದಿರುಗಿಸುತ್ತದೆಂದು ಕವಿಯ ಭಾವ. ನಮ್ಮ ಮಕ್ಕಳಿಗೂ ನಾವು ತೀರಿಸಬೇಕಾದ ಒಂದು ಸಾಲವಿದೆ: ಅವರು ಹುಟ್ಟಿದ ಊರನ್ನು ಅವರ ಕಣ್ಣಿಗೆ ಒಪ್ಪಿಸಿಕೊಡುವುದು. ಅದಕ್ಕೆ ಬೇಕಾದ ಸಾಮಗ್ರಿ ಒಂದು ಡಬ್ಬಿ, ಒಂದು ಕೋಲು, ಮತ್ತು ದಿನಕ್ಕೆ ಹದಿನೈದು ನಿಮಿಷದ ಬಿಡುವು.