ವಿಳಾಸವಿಲ್ಲದ ವಿದ್ಯಾರ್ಥಿಗಳು

ಕಳೆದ ಚಳಿಗಾಲದಲ್ಲಿ ನಮ್ಮ ಸದಸ್ಯರೊಬ್ಬರ ಬೇಸ್‌ಮೆಂಟಿನಲ್ಲಿ ಒಂದು ಕನ್ನಡ ಕುಟುಂಬ ನಾಲ್ಕು ತಿಂಗಳು ಇತ್ತು. ತಂದೆಯ ಕೆಲಸ ಹೋಗಿ, ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟಿದ್ದರು. ನಾವೆಲ್ಲ ಅವರನ್ನು ನೆಂಟರೆಂದೇ ಕರೆದೆವು. ಸರದಿಯ ಮೇಲೆ ಸಾರು, ಪಲ್ಯ ಕಳಿಸಿದೆವು. ಮಕ್ಕಳಿಬ್ಬರನ್ನು ಹತ್ತಿರದ ಶಾಲೆಗೆ ಸೇರಿಸಲು ಹೋದಾಗ ಅಲ್ಲಿ ಕರೆಂಟು ಬಿಲ್ಲು ಕೇಳಿದರು. ಅವರ ಹೆಸರಿನಲ್ಲಿ ಬಿಲ್ಲು ಎಲ್ಲಿಂದ ಬರಬೇಕು? ಒಂಬತ್ತು ದಿನ ಮಕ್ಕಳು ಟೀವಿ ಮುಂದೆ ಕುಳಿತರು. ಅದಕ್ಕೆ ನಮ್ಮ ಅಜ್ಞಾನವೂ ಕಾರಣವೆಂದು ಒಪ್ಪಿಕೊಳ್ಳಲೇಬೇಕು.

ಮನೆಯಿಲ್ಲದವರೆಂದರೆ ಸೇತುವೆಯ ಕೆಳಗೆ ಮಲಗುವವರು ಎಂದೇ ನಾವು ತಿಳಿದಿದ್ದೆವು. ಅಮೆರಿಕದ ಕಾನೂನು ಹಾಗೆನ್ನುವುದಿಲ್ಲ. ಮನೆ ಕಳೆದುಕೊಂಡು ಬೇರೆಯವರ ಆಶ್ರಯದಲ್ಲಿರುವ, ಮೋಟೆಲಿನಲ್ಲೋ ಕಾರಿನಲ್ಲೋ ರಾತ್ರಿ ಕಳೆಯುವ ಮಕ್ಕಳೂ ಅದರ ಲೆಕ್ಕಕ್ಕೆ ಬರುತ್ತಾರೆ. ಇಂಥ ಹತ್ತು ಲಕ್ಷಕ್ಕೂ ಮಿಕ್ಕ ಮಕ್ಕಳನ್ನು ಶಾಲೆಗಳು ಪ್ರತಿ ವರ್ಷ ಗುರುತಿಸುತ್ತವೆ. ಅವರಲ್ಲಿ ಹೆಚ್ಚಿನವರು ನಮ್ಮ 'ನೆಂಟರ' ಹಾಗೆ ಇನ್ನೊಬ್ಬರ ಮನೆಯಲ್ಲಿರುವವರೇ.

ಈ ಕಾಯಿದೆಗೆ 1987ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದರು. ಕನೆಕ್ಟಿಕಟ್ಟಿನ ರಿಪಬ್ಲಿಕನ್ ಮ್ಯಾಕಿನಿಯವರ ಹೆಸರಿನ ಜೊತೆಗೆ 2000ದಲ್ಲಿ ಮಿನೆಸೋಟದ ಡೆಮೊಕ್ರಾಟ್ ವೆಂಟೊ ಅವರ ಹೆಸರೂ ಸೇರಿತು. (ಎರಡು ಪಕ್ಷದವರೂ ಒಂದೇ ಹಲಗೆಯ ಮೇಲೆ! ಈಗ ಕಾಣಸಿಗುವುದು ಕಷ್ಟ.) ಇದರಂತೆ ವಿಳಾಸದ ಪುರಾವೆ, ಲಸಿಕೆ ಚೀಟಿ, ಹಳೆಯ ಅಂಕಪಟ್ಟಿ ಯಾವುದೂ ಇಲ್ಲದಿದ್ದರೂ ಮಗುವನ್ನು ಕೂಡಲೆ ಸೇರಿಸಿಕೊಳ್ಳಬೇಕು, ಕಾಗದಪತ್ರ ಆಮೇಲೆ. ಅದಕ್ಕಿಂತ ದೊಡ್ಡ ಮಾತೆಂದರೆ, ಮಗುವಿಗೆ ಒಳಿತೆನಿಸಿದರೆ ಹಳೆಯ ಶಾಲೆಯಲ್ಲೇ ಮುಂದುವರಿಯಬಹುದು, ತಂದೆತಾಯಿ ಕೇಳಿದರೆ ಅಲ್ಲಿಗೆ ಹೋಗಿಬರಲು ವಾಹನದ ಏರ್ಪಾಡೂ ಆಗಬೇಕು. ಮಧ್ಯಾಹ್ನದ ಊಟ ಉಚಿತ. ಪ್ರತಿ ಸ್ಕೂಲ್ ಡಿಸ್ಟ್ರಿಕ್ಟಿನಲ್ಲೂ ಇದನ್ನು ನೋಡಿಕೊಳ್ಳಲು 'ಲಿಯೇಸನ್' ಎಂಬ ಒಬ್ಬರು ಇದ್ದೇ ಇರುತ್ತಾರೆ. ನಮಗೆ ಅವರ ಸುಳಿವು ಸಿಕ್ಕಿದ್ದು ಹತ್ತನೆಯ ದಿನ, ಊರಿನ ಲೈಬ್ರರಿಯಾಕೆಯಿಂದ.

ಇನ್ನು ವೀಸಾದ ಭಯ. ವಲಸೆಯ ಸ್ಥಿತಿಗತಿಯ ಕಾರಣಕ್ಕೆ ಮಕ್ಕಳಿಗೆ ಸರಕಾರಿ ಶಾಲೆ ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1982ರಲ್ಲೇ, ಪ್ಲೈಲರ್ ಮೊಕದ್ದಮೆಯಲ್ಲಿ, ತೀರ್ಪಿತ್ತಿದೆ.

ಆದರೂ ಆ ತಾಯಿ ಫಾರಂ ತುಂಬಲು ಎರಡು ದಿನ ಒಪ್ಪಲಿಲ್ಲ. "ಮನೆಯಿಲ್ಲದವರು ಅಂತ ಬರೀಬೇಕೇನ್ರೀ? ಊರಲ್ಲಿ ಗೊತ್ತಾದ್ರೆ?" ಎಂದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ದೊಡ್ಡ ಹುಡುಗಿಯೇ ಪೆನ್ನು ತೆಗೆದುಕೊಂಡು ತುಂಬಿದಳು, ಅಮ್ಮನಿಂದ ಸಹಿ ಹಾಕಿಸಿದಳು. ಮರುವಾರ ಹಳದಿ ಬಸ್ಸು ಬಂತು. ಹಳೆಯ ಶಾಲೆ, ಹಳೆಯ ಗೆಳತಿಯರು.

ನಿಮ್ಮ ಡಿಸ್ಟ್ರಿಕ್ಟಿನ ಲಿಯೇಸನ್ ಯಾರೆಂದು ಶಾಲೆಯಲ್ಲಿ ವಿಚಾರಿಸಿ, ಹೆಸರು ಮತ್ತು ಫೋನ್ ನಂಬರನ್ನು ಕಾರ್ಯದರ್ಶಿಗಳಿಗೆ ತಿಳಿಸಿ. ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಯಾರಿಗಾಗಿ ಬೇಕೆಂದು ನಾವು ಕೇಳುವುದಿಲ್ಲ.